ಪ್ರಶ್ನೆ ಕೇಳಿ ಮೂರು ಸೆಕೆಂಡು ಕಾದದ್ದು: ನನ್ನ ಮೊದಲ ಕಿರು ಸಂಶೋಧನೆ

ಶಿಕ್ಷಣ ಪದವಿಯ ಕೊನೆಯ ವರ್ಷದಲ್ಲಿ ನಾವೆಲ್ಲ ಪ್ರಾಯೋಗಿಕ ಬೋಧನೆಗೆ ಹೋಗುವ ತರಗತಿಯನ್ನೇ ಆಧರಿಸಿ ಒಂದು ಕಿರು ಸಂಶೋಧನೆ ನಡೆಸಿ ಪ್ರಬಂಧ ಒಪ್ಪಿಸಬೇಕಿತ್ತು. ನಾನು ಮೊದಲು ಬರೆದುಕೊಟ್ಟ ವಿಷಯ ‘ವಿದ್ಯಾರ್ಥಿಗಳ ಕಲಿಕೆಯ ಮೇಲೆ ಬೋಧನಾ ವಿಧಾನಗಳ ಪ್ರಭಾವ’ ಎಂದಿತ್ತು. ಮಾರ್ಗದರ್ಶಕರು ಆ ಹಾಳೆಯನ್ನು ಹಿಂದಿರುಗಿಸಿದಾಗ ಅದರಲ್ಲಿ ಒಂದು ಅಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ಪ್ರಶ್ನೆಗಳನ್ನು ಮಾತ್ರ ಬರೆದಿದ್ದರು: ಯಾವ ವಿದ್ಯಾರ್ಥಿಗಳು? ಯಾವ ವಿಧಾನ? ಅವರು ಕಲಿತರೆಂಬುದು ನಿಮಗೆ ಹೇಗೆ ತಿಳಿಯುತ್ತದೆ? ಇದನ್ನೆಲ್ಲ ಆರು ವಾರಗಳಲ್ಲಿ ನೀವೊಬ್ಬರೇ ನೋಡಬಲ್ಲಿರಾ? ಈ ನಾಲ್ಕರಲ್ಲಿ ಒಂದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ವಿಷಯ ದೊಡ್ಡದಾಗಿದ್ದಷ್ಟೂ ಸಂಶೋಧನೆಗೆ ಘನತೆ ಬರುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಬಿಟ್ಟುಹೋಗಲು ಮೂರು ವಾರಗಳೂ ಹಾಳೆಯ ಐದು ಕರಡುಗಳೂ ಬೇಕಾದವು.

ಕೊನೆಗೆ ಉಳಿದ ಪ್ರಶ್ನೆ ಇದು: ನಾನು ಪಾಠ ಮಾಡುವ ಒಂದು ತರಗತಿಯಲ್ಲಿ, ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡು ಸುಮ್ಮನೆ ಕಾದರೆ, ಮಕ್ಕಳು ಕೊಡುವ ಉತ್ತರಗಳ ಸ್ವರೂಪದಲ್ಲಿಯೂ ಉತ್ತರಿಸುವ ಮಕ್ಕಳ ಸಂಖ್ಯೆಯಲ್ಲಿಯೂ ಏನಾದರೂ ಬದಲಾವಣೆ ಕಾಣುತ್ತದೆಯೇ? ಈ ಪ್ರಶ್ನೆಯಲ್ಲಿ ಒಂದೊಂದು ಪದವನ್ನೂ ನಾನು ಕಣ್ಣಾರೆ ಕಾಣಬಲ್ಲೆ, ಕಿವಿಯಾರೆ ಕೇಳಬಲ್ಲೆ, ಎಣಿಸಬಲ್ಲೆ. ‘ಕಲಿಕೆ’ ಎಂಬ ಪದವೇ ಇಲ್ಲಿಲ್ಲವಲ್ಲ ಎಂಬ ಕೊರಗು ಆಗ ನನಗೆ ಬಹಳ ಇತ್ತು.

ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ ಎಂಬುದನ್ನು ಹೇಳಬೇಕು. ಪ್ರಾಯೋಗಿಕ ಬೋಧನೆಯ ಎರಡನೆಯ ವಾರದಲ್ಲಿ ನನ್ನ ಪಾಠವನ್ನು ಅವಲೋಕಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸಹಪಾಠಿಯೊಬ್ಬಳು, ಯಾರು ಯಾರು ಉತ್ತರ ಹೇಳಿದರು ಎಂಬುದನ್ನು ಆಸನಗಳ ನಕ್ಷೆಯ ಮೇಲೆ ಗುರುತು ಹಾಕಿಕೊಂಡಿದ್ದಳು. ಮೂವತ್ತೊಂದು ಮಕ್ಕಳ ಆ ನಕ್ಷೆಯಲ್ಲಿ ಗುರುತುಗಳೆಲ್ಲ ನಾಲ್ಕು ಚೌಕಗಳಲ್ಲಿ ಗುಂಪುಗೂಡಿದ್ದವು. ಇಡೀ ತರಗತಿ ಚುರುಕಾಗಿತ್ತು ಎಂಬ ತೃಪ್ತಿಯಲ್ಲಿ ನಾನು ಅಂದಿನ ಪಾಠವನ್ನು ಮುಗಿಸಿದ್ದೆ. ಉಳಿದ ಇಪ್ಪತ್ತೇಳು ಮಕ್ಕಳು ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದಿರಲಿಲ್ಲ ಎಂಬುದಕ್ಕಿಂತ, ತಿಳಿದಿಲ್ಲವೆಂಬುದೇ ತಿಳಿದಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು.

ಆ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದಾಗ ಓದು ಬೇರೆಯದೇ ಆಯಿತು. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ತೋರಿಸಿದ್ದರು. ಆ ಹೊತ್ತನ್ನು 3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಮಕ್ಕಳು ತಾವಾಗಿ ಪ್ರಶ್ನೆ ಕೇಳುವುದು ಹೆಚ್ಚಿತು ಎಂಬುದು ಅವರು ಕಂಡುಕೊಂಡದ್ದು. ಅವರು ಎರಡು ಬಗೆಯ ಮೌನಗಳನ್ನು ಬೇರ್ಪಡಿಸಿದ್ದರು: ಶಿಕ್ಷಕರ ಪ್ರಶ್ನೆ ಮುಗಿದ ನಂತರದ್ದು ಒಂದು, ಮಗುವಿನ ಉತ್ತರ ಮುಗಿದ ನಂತರದ್ದು ಇನ್ನೊಂದು. ಎರಡನೆಯದರ ಬಗ್ಗೆ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಮಗು ಒಂದು ವಾಕ್ಯ ಹೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ‘ಸರಿ, ಕೂತ್ಕೋ’ ಎಂದುಬಿಟ್ಟರೆ, ಅದರ ಎರಡನೆಯ ವಾಕ್ಯವನ್ನು ನಾವೇ ತಡೆದಂತಾಗುತ್ತದೆ.

ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ಬರೆಯುವಾಗ ನಾನೂ ಮೊದಲು ಎಲ್ಲರಂತೆಯೇ ಒಬ್ಬೊಬ್ಬ ಸಂಶೋಧಕರಿಗೆ ಒಂದೊಂದು ಪ್ಯಾರಾ ಕೊಟ್ಟು ಸಾಲಾಗಿ ನಿಲ್ಲಿಸಿದ್ದೆ. ಆ ಅಧ್ಯಾಯ ಉದ್ದವಾಗಿತ್ತು, ಆದರೆ ನನ್ನ ತರಗತಿಯ ಬಗ್ಗೆ ಅದು ಏನನ್ನೂ ಹೇಳುತ್ತಿರಲಿಲ್ಲ. ಎರಡನೆಯ ಬಾರಿ ಬರೆದಾಗ, ನಾನು ತೆಗೆದುಕೊಳ್ಳಬೇಕಾಗಿದ್ದ ತೀರ್ಮಾನಗಳನ್ನೇ ಶೀರ್ಷಿಕೆಗಳಾಗಿ ಮಾಡಿಕೊಂಡೆ: ಎಷ್ಟು ಹೊತ್ತು ಕಾಯಬೇಕು, ಯಾವ ಬಗೆಯ ಪ್ರಶ್ನೆಗೆ ಕಾಯಬೇಕು, ಮೌನವನ್ನು ಹೇಗೆ ಅಳೆಯಬೇಕು. ಆ ಪ್ರಶ್ನೆಗಳಿಗೆ ಬೆಳಕು ಕೊಡದ ಓದನ್ನೆಲ್ಲ ಕೈಬಿಟ್ಟೆ. ಶಿಕ್ಷಕರೇ ತಮ್ಮ ತರಗತಿಯ ಸಂಶೋಧಕರಾಗಬಹುದು ಎಂಬ ವಿಚಾರಕ್ಕೆ ಒಂದು ಪರಂಪರೆಯಿದೆ ಎಂಬುದನ್ನು ಮಾತ್ರ ಉಳಿಸಿಕೊಂಡೆ. ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆಯ, ಅಂದರೆ ಕೆಲಸ ಮಾಡುತ್ತಲೇ ಅದನ್ನು ಪರಿಶೀಲಿಸಿ ಸುಧಾರಿಸುವ ಸಂಶೋಧನೆಯ, ಬಗ್ಗೆ ಬರೆದದ್ದು ಸಮುದಾಯಗಳ ನಡುವಿನ ಸಂಬಂಧಗಳನ್ನು ಕುರಿತು. ಅದನ್ನು 1950ರ ದಶಕದಲ್ಲಿ ಶಾಲೆಯೊಳಕ್ಕೆ ತಂದವರಲ್ಲಿ ಸ್ಟೀಫನ್ ಕೋರಿ ಪ್ರಮುಖರು; ಬ್ರಿಟನ್ನಿನಲ್ಲಿ ಲಾರೆನ್ಸ್ ಸ್ಟೆನ್‌ಹೌಸ್ 1970ರ ದಶಕದಲ್ಲಿ ಅದೇ ಮಾತನ್ನು ಇನ್ನಷ್ಟು ಬಲವಾಗಿ ಹೇಳಿದರು. ಈ ಹಿನ್ನೆಲೆ ನನಗೆ ಧೈರ್ಯ ಕೊಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ, ಏಕೆಂದರೆ ಒಂದೇ ತರಗತಿಯನ್ನು ನೋಡಿ ಬರೆಯುವುದು ಸಂಶೋಧನೆಯೇ ಅಲ್ಲ ಎಂದು ನನ್ನ ಮುಂದೆಯೇ ಹೇಳಿದವರಿದ್ದರು.

ಸಾಧನಗಳ ಆಯ್ಕೆಯಲ್ಲಿ ನಾನು ಎರಡು ಬಾರಿ ತಪ್ಪಿದೆ. ಮೊದಲನೆಯದು ಪ್ರಶ್ನಾವಳಿ. ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಮಾಪನಿಯ ಮಾದರಿಯಲ್ಲಿ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಆಯ್ಕೆಗಳಿರುವ ಇಪ್ಪತ್ತು ಹೇಳಿಕೆಗಳನ್ನು ಸಿದ್ಧಪಡಿಸಿ, ಬೇರೆ ತರಗತಿಯ ಮೂರು ಮಕ್ಕಳಿಗೆ ಕೊಟ್ಟು ನೋಡಿದೆ. ಮೂವರೂ ಹೆಚ್ಚುಕಡಿಮೆ ಎಲ್ಲ ಹೇಳಿಕೆಗಳಿಗೂ ಒಪ್ಪಿಗೆಯ ಗುರುತು ಹಾಕಿದ್ದರು. ‘ಶಿಕ್ಷಕರು ನಿಧಾನವಾಗಿ ಮತ್ತು ಸ್ಪಷ್ಟವಾಗಿ ಪ್ರಶ್ನೆ ಕೇಳುತ್ತಾರೆ’ ಎಂಬ ಹೇಳಿಕೆಯನ್ನು ತೋರಿಸಿ ಒಬ್ಬ ಹುಡುಗ, ‘ಸ್ಪಷ್ಟವಾಗಿ ಕೇಳ್ತಾರೆ, ನಿಧಾನವಾಗಿ ಕೇಳಲ್ಲ, ಎಲ್ಲಿ ಗುರುತು ಹಾಕ್ಲಿ ಮಿಸ್?’ ಎಂದು ಕೇಳಿದ. ಒಂದು ಹೇಳಿಕೆಯಲ್ಲಿ ಎರಡು ವಿಷಯಗಳನ್ನು ಸೇರಿಸಬಾರದು ಎಂಬ ನಿಯಮವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ಅದು ಏಕೆ ನಿಯಮವಾಯಿತು ಎಂಬುದು ಆ ಹುಡುಗನ ಪ್ರಶ್ನೆಯಿಂದಲೇ ನನಗೆ ಮನದಟ್ಟಾದದ್ದು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿತ್ತು. ನಾನು ತಿಳಿಯಬೇಕಾಗಿದ್ದುದು ತರಗತಿಯಲ್ಲಿ ಏನಾಗುತ್ತದೆ ಎಂಬುದನ್ನು. ಪ್ರಶ್ನಾವಳಿ ತಿಳಿಸುತ್ತಿದ್ದುದು ಮಕ್ಕಳು ತಮ್ಮ ಶಿಕ್ಷಕಿಗೆ ಏನು ಹೇಳಲು ಬಯಸುತ್ತಾರೆ ಎಂಬುದನ್ನು.

ಎರಡನೆಯ ತಪ್ಪು ಇನ್ನೂ ಬೋಧಪ್ರದವಾದದ್ದು. ಶಿಕ್ಷಣ ವಿದ್ಯಾರ್ಥಿಗಳೆಲ್ಲರಿಗೂ ಪರಿಚಯವಿರುವ ಫ್ಲ್ಯಾಂಡರ್ಸ್ ಅವರ ಅಂತಃಕ್ರಿಯಾ ವಿಶ್ಲೇಷಣೆಯನ್ನು ಬಳಸಬೇಕೆಂದುಕೊಂಡೆ. ಅದರಲ್ಲಿ ತರಗತಿಯ ಮಾತುಕತೆಯನ್ನು 10 ವರ್ಗಗಳಾಗಿ ವಿಂಗಡಿಸಲಾಗಿದೆ: ಶಿಕ್ಷಕರ ಮಾತಿಗೆ 7, ವಿದ್ಯಾರ್ಥಿಗಳ ಮಾತಿಗೆ 2, ಕೊನೆಯದು ಮೌನ ಅಥವಾ ಗೊಂದಲಕ್ಕೆ. ಅವಲೋಕಕರು ಪ್ರತಿ 3 ಸೆಕೆಂಡಿಗೊಮ್ಮೆ ಒಂದು ಅಂಕಿಯನ್ನು ದಾಖಲಿಸುತ್ತಾ ಹೋಗಬೇಕು. ಒಂದು ಪಾಠಕ್ಕೆ ಅದನ್ನು ಅನ್ವಯಿಸಿ ನೋಡಿದ ಮೇಲೆಯೇ ನನಗೆ ಹೊಳೆದದ್ದು: 3 ಸೆಕೆಂಡಿಗೊಮ್ಮೆ ನೋಡುವ ಸಾಧನಕ್ಕೆ 1 ಸೆಕೆಂಡಿನ ಮೌನಕ್ಕೂ 3 ಸೆಕೆಂಡಿನ ಮೌನಕ್ಕೂ ಇರುವ ವ್ಯತ್ಯಾಸ ಕಾಣುವುದೇ ಇಲ್ಲ. ಮೇಲಾಗಿ, ಮಗು ಯೋಚಿಸುತ್ತಿರುವ ಮೌನವನ್ನೂ ತರಗತಿಯ ಗದ್ದಲವನ್ನೂ ಅದು ಒಂದೇ ವರ್ಗಕ್ಕೆ ಸೇರಿಸುತ್ತದೆ. ಶಿಕ್ಷಕರು ಎಷ್ಟು ಮಾತಾಡುತ್ತಾರೆ, ಮಕ್ಕಳು ಎಷ್ಟು ಮಾತಾಡುತ್ತಾರೆ ಎಂದು ತಿಳಿಯಲು ಅದು ಉತ್ತಮ ಸಾಧನವೇ ಹೌದು, ಆದರೆ ನನ್ನ ಪ್ರಶ್ನೆ ಅದಾಗಿರಲಿಲ್ಲ. ಕೊನೆಗೆ ಧ್ವನಿಮುದ್ರಣ, ನಾನೇ ಗೆರೆ ಎಳೆದು ಮಾಡಿಕೊಂಡ ಒಂದು ಅವಲೋಕನ ಪಟ್ಟಿ ಮತ್ತು ಕೊನೆಯ ವಾರದಲ್ಲಿ ಕೆಲವು ಮಕ್ಕಳೊಡನೆ ಕಿರು ಸಂದರ್ಶನ, ಇಷ್ಟನ್ನೇ ಇಟ್ಟುಕೊಂಡೆ. ಮೊದಲ ಎರಡು ವಾರ ನನ್ನ ಎಂದಿನ ಪಾಠ, ನಂತರದ ನಾಲ್ಕು ವಾರ ಕಾಯುವ ಪಾಠ, ಒಟ್ಟು ಹನ್ನೆರಡು ಪಾಠಗಳ ಧ್ವನಿಮುದ್ರಣ ಎಂದು ನಿರ್ಧಾರವಾಯಿತು.

ಒಪ್ಪಿಗೆ ಪಡೆಯುವ ಕೆಲಸವನ್ನು ಒಂದು ಸಹಿಯ ಕೆಲಸವೆಂದು ತಿಳಿದಿದ್ದೆ. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಸಹಿ ಎರಡೂ ಸುಲಭವಾಗಿಯೇ ಸಿಕ್ಕವು. ಮಕ್ಕಳ ಒಪ್ಪಿಗೆಯ ವಿಷಯಕ್ಕೆ ಬಂದಾಗ ನಿಲ್ಲಬೇಕಾಯಿತು. ಸಂಶೋಧನೆಗೆ ಒಳಪಡುವ ವ್ಯಕ್ತಿಗೆ ಗೌರವ, ಆತನ ಹಿತ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಸಂಶೋಧನಾ ನೀತಿಯನ್ನು ಕುರಿತ ಅಮೆರಿಕದ 1979ರ ಬೆಲ್ಮಾಂಟ್ ವರದಿ ಮುಂದಿಟ್ಟಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ತನ್ನ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಇವನ್ನು ಪ್ರಬಂಧದಲ್ಲಿ ಉಲ್ಲೇಖಿಸುವುದು ಸುಲಭ. ಆದರೆ ಅಂಕ ಕೊಡುವ ಶಿಕ್ಷಕಿಯೇ ಎದುರಿಗೆ ನಿಂತು ‘ನಿಮಗೆಲ್ಲ ಒಪ್ಪಿಗೆಯೇ?’ ಎಂದು ಕೇಳಿದರೆ ತರಗತಿ ಒಕ್ಕೊರಲಿನಿಂದ ‘ಹೌದು ಮಿಸ್’ ಎನ್ನುವುದು ಒಪ್ಪಿಗೆಯೋ ಅಭ್ಯಾಸವೋ ಎಂಬುದನ್ನು ಹೇಗೆ ತಿಳಿಯುವುದು? ಆದ್ದರಿಂದ ನಾನು ಹೊರಗಿದ್ದು, ಸಹಪಾಠಿಯ ಕೈಯಲ್ಲಿ ಚೀಟಿಗಳನ್ನು ಕೊಡಿಸಿ, ಬೇಡವೆನ್ನುವವರು ಹಾಗೆಯೇ ಬರೆದು ಮಡಚಿ ಡಬ್ಬಿಗೆ ಹಾಕಬಹುದೆಂದು ತಿಳಿಸಿದೆ. ಒಬ್ಬ ಹುಡುಗಿ ಬೇಡವೆಂದು ಬರೆದಳು. ಆಕೆಯ ತಾಯಿಯ ಸಹಿ ನನ್ನ ಕಡತದಲ್ಲಿತ್ತು. ಪೋಷಕರು ಒಪ್ಪಿದ ಮೇಲೆ ಮುಂದುವರಿಯಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ನನ್ನ ಮನಸ್ಸು ಒಪ್ಪಲಿಲ್ಲ. ಇಡೀ ತರಗತಿಯ ಧ್ವನಿಯನ್ನು ಮುದ್ರಿಸುವಾಗ ಒಬ್ಬಳ ಧ್ವನಿಯನ್ನು ಮಾತ್ರ ಹೊರಗಿಡಲು ಬರುವುದಿಲ್ಲವಾದ್ದರಿಂದ, ಅವಳ ಮಾತಿದ್ದ ಭಾಗಗಳನ್ನು ಅದೇ ದಿನ ಅಳಿಸುವುದು, ಅವಲೋಕನ ಪಟ್ಟಿಯಲ್ಲಿ ಅವಳ ಸಾಲನ್ನು ಖಾಲಿ ಬಿಡುವುದು ಎಂದು ಅವಳೊಡನೆಯೇ ಮಾತಾಡಿ ತೀರ್ಮಾನಿಸಿದೆ. ಮುದ್ರಣವೇ ಬೇಡವೆಂದು ಅವಳು ಹೇಳಿದ್ದರೆ ಇಡೀ ಯೋಜನೆಯನ್ನು ಬದಲಿಸಬೇಕಾಗುತ್ತಿತ್ತು; ಬದಲಿಸುತ್ತಿದ್ದೆ ಎಂದೇ ನಂಬಿದ್ದೇನೆ.

ಮೊದಲ ಧ್ವನಿಮುದ್ರಣವನ್ನು ಕೇಳಿದ ಸಂಜೆಯನ್ನು ನಾನು ಮರೆಯಲಾರೆ. ನಾನು ತಾಳ್ಮೆಯ ಶಿಕ್ಷಕಿ ಎಂಬ ಭಾವನೆ ನನಗಿತ್ತು. ಮುದ್ರಣದಲ್ಲಿ ಕೇಳಿಸಿದವಳು ಪ್ರಶ್ನೆ ಕೇಳಿ, ಒಂದು ಸೆಕೆಂಡು ಕಳೆಯುವ ಮೊದಲೇ ಅದನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳಿ, ಆಮೇಲೆ ಅರ್ಧ ಉತ್ತರವನ್ನು ತಾನೇ ಹೇಳಿ, ಕೊನೆಯ ಪದವನ್ನು ಮಾತ್ರ ಮಕ್ಕಳ ಬಾಯಿಂದ ಹೇಳಿಸುತ್ತಿದ್ದಳು. ‘ಆದ್ದರಿಂದ ಎಲೆಗಳಿಗೆ ಏನು ಬೇಕು? ಸೂರ್ಯನ...?’ ಎಂದು ನಾನು, ‘ಬೆಳಕು’ ಎಂದು ತರಗತಿ. ಅಂಥ ಜಾಗಗಳನ್ನು ಕೇಳಿಸಿಕೊಳ್ಳುವಾಗ ಮುದ್ರಣವನ್ನು ಮತ್ತೆ ಮತ್ತೆ ನಿಲ್ಲಿಸಿದೆ.

ಮೌನವನ್ನು ಅಳೆಯುವುದು ಹೊರಗಿನಿಂದ ತೋರುವಷ್ಟು ಸರಳವಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಧ್ವನಿಯ ಅಲೆಗಳನ್ನು ನೋಡಿ ಅಂತರವನ್ನು ಗುರುತಿಸಬಹುದು, ಆದರೆ ಎಲ್ಲಿಂದ ಗುರುತಿಸಬೇಕು? ಕನ್ನಡದಲ್ಲಿ ಎಷ್ಟೋ ವಾಕ್ಯಗಳು ಪ್ರಶ್ನೆಯಾಗುವುದು ಕಟ್ಟಕಡೆಯ ಅಕ್ಷರದಲ್ಲಿ. ‘ನೀರು ಆವಿಯಾಗುತ್ತದೆ’ ಎಂಬುದು ‘ನೀರು ಆವಿಯಾಗುತ್ತದೆಯೇ’ ಎಂದಾದಾಗಷ್ಟೇ ಮಗುವಿಗೆ ತನ್ನನ್ನು ಕೇಳುತ್ತಿದ್ದಾರೆಂದು ತಿಳಿಯುತ್ತದೆ. ಹಾಗಾಗಿ ಕೊನೆಯ ಅಕ್ಷರ ಮುಗಿದ ಕ್ಷಣದಿಂದ ಎಣಿಕೆ ಎಂದು ನಿಯಮ ಮಾಡಿಕೊಂಡೆ. ನಡುವೆ ನಾನು ಬಾಯಿ ಹಾಕಿದರೆ ಎಣಿಕೆ ಅಲ್ಲಿಗೆ ಮುಗಿಯಿತು. ‘ಅರ್ಥ ಆಯ್ತಾ?’, ‘ಅಲ್ವಾ?’ ಎಂಬಂಥವನ್ನು ಪ್ರಶ್ನೆಗಳೆಂದು ಎಣಿಸಬೇಕೇ ಎಂಬುದರಲ್ಲಿ ನನಗೂ ಸಹಪಾಠಿಗೂ ಭಿನ್ನಾಭಿಪ್ರಾಯ ಬಂತು. ಇಬ್ಬರೂ ಒಂದೇ ಪಾಠವನ್ನು ಬೇರೆ ಬೇರೆಯಾಗಿ ಗುರುತಿಸಿ ಹೋಲಿಸಿದಾಗ, ನಮ್ಮ ವ್ಯತ್ಯಾಸಗಳಲ್ಲಿ ಹೆಚ್ಚಿನವು ಅಲ್ಲಿಯೇ ಇದ್ದವು. ಉತ್ತರವನ್ನು ನಿಜವಾಗಿ ನಿರೀಕ್ಷಿಸಿದ ಪ್ರಶ್ನೆಗಳನ್ನು ಮಾತ್ರ ಎಣಿಸುವುದೆಂದು ನಿಯಮವನ್ನು ತಿದ್ದಿ, ಇನ್ನೊಂದು ಪಾಠವನ್ನು ಹೊಸದಾಗಿ ಗುರುತಿಸಿದೆವು. ಇಬ್ಬರು ಗುರುತಿಸುವವರ ನಡುವಿನ ಒಮ್ಮತದಲ್ಲಿ ಆಕಸ್ಮಿಕವಾಗಿ ಕೂಡಿಬಂದ ಪಾಲೆಷ್ಟು ಎಂಬುದನ್ನು ಕಳೆದು ಹೇಳುವ ಸೂತ್ರವೊಂದನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟಿದ್ದಾರೆ. ನಾವು ಆ ಲೆಕ್ಕವನ್ನೂ ಮಾಡಿದೆವು, ಆದರೆ ನನಗೆ ಹೆಚ್ಚು ಪ್ರಯೋಜನವಾದದ್ದು ಆ ಅಂಕಿಗಿಂತ ನಮ್ಮ ವಾದವೇ. ಬಂದ ಹೊಸ ನಿಯಮವನ್ನು ಇಟ್ಟುಕೊಂಡು ಹಳೆಯ ಮುದ್ರಣಗಳನ್ನೆಲ್ಲ ಮೊದಲಿನಿಂದ ಗುರುತಿಸಬೇಕಾಯಿತು.

ಫಲಿತಾಂಶದ ಬಗ್ಗೆ ಎಚ್ಚರಿಕೆಯಿಂದಲೇ ಬರೆಯುತ್ತೇನೆ. ‘ಏಕೆ’, ‘ಹೇಗೆ’ ಎಂದು ಕೇಳಿದ ಪ್ರಶ್ನೆಗಳಿಗೆ, ಕಾಯತೊಡಗಿದ ಮೇಲೆ ಒಂದೇ ಪದದ ಉತ್ತರಗಳು ಕಡಿಮೆಯಾಗಿ ವಾಕ್ಯಗಳು ಬರತೊಡಗಿದವು. ಆಸನಗಳ ನಕ್ಷೆಯಲ್ಲಿ ಹೊಸ ಚೌಕಗಳಲ್ಲಿ ಗುರುತುಗಳು ಕಾಣಿಸಿದವು. ಆದರೆ ಹೆಸರನ್ನೋ ವರ್ಷವನ್ನೋ ಕೇಳುವ ನೆನಪಿನ ಪ್ರಶ್ನೆಗಳಲ್ಲಿ ಏನೂ ಬದಲಾಗಲಿಲ್ಲ. ಗೊತ್ತಿದ್ದವರಿಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಮೂರು ಸೆಕೆಂಡಿನಲ್ಲಿ ಗೊತ್ತಾಗುವಂಥದ್ದೇನೂ ಇರಲಿಲ್ಲ, ಮುಜುಗರದ ಹೊರತು. ಸಂದರ್ಶನದಲ್ಲಿ ಒಬ್ಬಳು, ‘ನೀವು ಹೆಸರು ಕರೆದು ಆಮೇಲೆ ಸುಮ್ನೆ ನಿಂತ್ಕೊಂಡ್ರೆ ಎಲ್ರೂ ನನ್ನೇ ನೋಡ್ತಾರೆ ಮಿಸ್, ಗೊತ್ತಿದ್ದಿದ್ದೂ ಮರ್ತ್ಹೋಗುತ್ತೆ’ ಎಂದಳು. ನಾನು ಅಳೆಯುತ್ತಿದ್ದ ಮೌನ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹೆಸರು ಕರೆಯುವ ಮೊದಲಿನ ಮೌನ ಇಡೀ ತರಗತಿಯದು. ಹೆಸರು ಕರೆದ ನಂತರದ ಮೌನ ಒಬ್ಬ ಮಗುವಿನ ತಲೆಯ ಮೇಲಿನ ಹೊರೆ. ನನ್ನ ಅವಲೋಕನ ಪಟ್ಟಿಯಲ್ಲಿ ಇವೆರಡಕ್ಕೂ ಒಂದೇ ಅಂಕಣವಿತ್ತು.

ಇನ್ನೊಂದು ತೊಡಕು ವಿಶ್ಲೇಷಣೆಯ ನಡುವೆ ತಲೆದೋರಿತು. ಕಾಯಬೇಕೆಂದು ನಿಶ್ಚಯಿಸಿದ ಮೇಲೆ, ಕಾಯಲು ಯೋಗ್ಯವಾದ ಪ್ರಶ್ನೆಗಳನ್ನು ನಾನು ಹಿಂದಿನ ರಾತ್ರಿಯೇ ಬರೆದುಕೊಂಡು ಹೋಗತೊಡಗಿದ್ದೆ. ಅಂದರೆ ಬದಲಾದದ್ದು ಮೌನ ಮಾತ್ರವಲ್ಲ, ಪ್ರಶ್ನೆಗಳೂ ಬದಲಾಗಿದ್ದವು. ಉತ್ತರಗಳು ಉದ್ದವಾದದ್ದು ಯಾವುದರಿಂದ? ನನ್ನ ದತ್ತಾಂಶದಲ್ಲಿ ಅದನ್ನು ಬೇರ್ಪಡಿಸುವ ದಾರಿಯಿರಲಿಲ್ಲ. ಹೋಲಿಸಿ ನೋಡಲು ಇನ್ನೊಂದು ತರಗತಿಯಿರಲಿಲ್ಲ. ಪಾಠದ ವಿಷಯಗಳೂ ಮೊದಲ ಎರಡು ವಾರಗಳಿಗಿಂತ ಬೇರೆಯಾಗಿದ್ದವು. ತಮ್ಮನ್ನು ಗಮನಿಸಲಾಗುತ್ತಿದೆ ಎಂಬ ಅರಿವೇ ಮಕ್ಕಳನ್ನು ಬದಲಿಸಿರಬಹುದಿತ್ತು. ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳಿಂದ ಈ ಪರಿಣಾಮಕ್ಕೆ ಹೆಸರು ಬಂದಿದೆ. ಆ ಪ್ರಯೋಗಗಳ ದತ್ತಾಂಶವನ್ನು ಮರುಪರಿಶೀಲಿಸಿದವರು ಅಲ್ಲಿ ಅಂಥ ಪರಿಣಾಮ ನಿಜವಾಗಿ ಇತ್ತೇ ಎಂದು ಪ್ರಶ್ನಿಸಿದ್ದಾರೆಂಬುದನ್ನು ಓದಿದ ಮೇಲೆ, ‘ಹಾಥಾರ್ನ್ ಪರಿಣಾಮ’ವೆಂಬ ಪದವನ್ನು ಒಂದು ನೆಪದಂತೆ ಬಳಸದೆ, ನನ್ನ ತರಗತಿಯಲ್ಲಿ ಏನೇನು ಬೆರೆತುಹೋಗಿತ್ತು ಎಂಬುದನ್ನೇ ಒಂದೊಂದಾಗಿ ಬರೆದೆ.

ಹನ್ನೆರಡು ಪಾಠಗಳಲ್ಲಿ ಎರಡು ಪಾಠಗಳು ನನ್ನ ನಿರೀಕ್ಷೆಗೆ ವಿರುದ್ಧವಾಗಿ ಬಂದಿದ್ದವು; ಕಾದಿದ್ದೆ, ಆದರೆ ಉತ್ತರಗಳು ಮೊದಲಿಗಿಂತಲೂ ಚಿಕ್ಕದಾಗಿದ್ದವು. ಅಂದು ಪರೀಕ್ಷೆಯ ಹಿಂದಿನ ದಿನ, ಮಕ್ಕಳ ಗಮನ ಬೇರೆಡೆಯಿತ್ತು, ಆದ್ದರಿಂದ ಆ ಪಾಠಗಳನ್ನು ಬಿಡಬಹುದು ಎಂದು ನಾನು ಒಂದು ಪ್ಯಾರಾವನ್ನೇ ಬರೆದಿದ್ದೆ. ಮರುದಿನ ಓದಿದಾಗ ಒಂದು ಪ್ರಶ್ನೆ ಎದ್ದಿತು: ಅದೇ ದಿನಗಳಲ್ಲಿ ಉತ್ತರಗಳು ಉದ್ದವಾಗಿ ಬಂದಿದ್ದರೆ ಪರೀಕ್ಷೆಯ ನೆನಪು ನನಗೆ ಬರುತ್ತಿತ್ತೇ? ಆ ಪ್ಯಾರಾವನ್ನು ತೆಗೆದುಹಾಕಿ ಎರಡು ಪಾಠಗಳನ್ನೂ ಕೋಷ್ಟಕದಲ್ಲಿ ಉಳಿಸಿದೆ. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಸಮಾಧಾನ ಕೊಡುವ ನಿರ್ಧಾರ ಇದೇ. ಉತ್ತರಗಳನ್ನು ನಾನೇ ವರ್ಗೀಕರಿಸಿದರೆ ಆಸೆ ಕೈ ಹಿಡಿದು ಬರೆಸೀತು ಎಂಬ ಭಯದಿಂದ, ಯಾವ ವಾರದ್ದೆಂದು ತಿಳಿಯದಂತೆ ಉತ್ತರಗಳನ್ನು ಬೆರೆಸಿ ಸಹಪಾಠಿಗೆ ಕೊಟ್ಟು ಆಕೆಯಿಂದಲೂ ವರ್ಗೀಕರಣ ಮಾಡಿಸಿದೆ.

ಬರವಣಿಗೆಯ ಹಂತದಲ್ಲಿ ಮಾರ್ಗದರ್ಶಕರು ತಿದ್ದಿದ್ದು ಮುಖ್ಯವಾಗಿ ಎರಡನ್ನು. ‘ಸಾಬೀತಾಗಿದೆ’ ಎಂದು ನಾನು ಬರೆದಲ್ಲೆಲ್ಲ ‘ಈ ತರಗತಿಯಲ್ಲಿ ಕಂಡುಬಂದಿದೆ’ ಎಂದಾಯಿತು. ಶೇಕಡಾವಾರು ಅಂಕಿಗಳನ್ನೆಲ್ಲ ತೆಗೆಸಿ ಎಣಿಕೆಗಳನ್ನೇ ಬರೆಸಿದರು. ನಾಲ್ವರಲ್ಲಿ ಮೂವರು ಹೇಳಿದ್ದನ್ನು ಶೇ. 75 ಎಂದು ಬರೆದರೆ ಓದುಗರ ಕಣ್ಣಿಗೆ ಒಂದು ಊರೇ ಕಾಣುತ್ತದೆ; ನಾಲ್ವರಲ್ಲಿ ಮೂವರು ಎಂದರೆ ಆ ನಾಲ್ಕು ಮಕ್ಕಳೇ ಕಾಣುತ್ತಾರೆ. ಮಿತಿಗಳ ಅಧ್ಯಾಯವನ್ನು ಕ್ಷಮೆ ಕೇಳುವ ಧಾಟಿಯಲ್ಲಿ ಬರೆದಿದ್ದೆ, ಅದನ್ನೂ ಬದಲಿಸಿದೆ. ಮುಂದೆ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಅಧ್ಯಾಯವೇ ಎಂದು ಈಗ ನನಗನ್ನಿಸುತ್ತದೆ. ಹೆಸರು ಕರೆಯುವ ಮೊದಲಿನ ಮೌನಕ್ಕೂ ನಂತರದ ಮೌನಕ್ಕೂ ಬೇರೆ ಬೇರೆ ಅಂಕಣಗಳಿರುವ ಹೊಸ ಅವಲೋಕನ ಪಟ್ಟಿಯನ್ನು ನಾನೇ ಸಿದ್ಧಪಡಿಸಿಕೊಂಡಿದ್ದೇನೆ.

ಮೌಖಿಕ ಪರೀಕ್ಷೆ ಮುಗಿದ ವಾರ ಮತ್ತೆ ಆ ತರಗತಿಗೆ ಹೋಗಿ, ಅವರಿಂದ ಪಡೆದದ್ದರಿಂದ ನಾನು ಏನು ತಿಳಿದುಕೊಂಡೆ ಎಂಬುದನ್ನು ಅವರಿಗೆ ಅರ್ಥವಾಗುವ ಮಾತುಗಳಲ್ಲಿ ಹೇಳಿದೆ. ಧ್ವನಿಮುದ್ರಣಗಳನ್ನೆಲ್ಲ ಮಾತು ಕೊಟ್ಟಿದ್ದಂತೆ ಅಳಿಸಿರುವುದನ್ನೂ ತಿಳಿಸಿದೆ. ಎಲ್ಲರೂ ಹೊರಟ ಮೇಲೆ, ಬೇಡವೆಂದು ಚೀಟಿ ಬರೆದಿದ್ದ ಹುಡುಗಿ ಮೇಜಿನ ಬಳಿಗೆ ಬಂದು, ‘ನನ್ನ ಬಗ್ಗೆ ಏನಾದ್ರೂ ಬರ್ದಿದ್ದೀರಾ ಮಿಸ್?’ ಎಂದು ಕೇಳಿದಳು. ಪ್ರಬಂಧದ ಅನುಬಂಧವನ್ನು ತೆರೆದು, ಮೂವತ್ತೊಂದು ಸಾಲುಗಳ ಕೋಷ್ಟಕದಲ್ಲಿ ಖಾಲಿ ಬಿಟ್ಟಿದ್ದ ಅವಳ ಸಾಲನ್ನು ತೋರಿಸಿದೆ. ಅವಳು ಅದರ ಮೇಲೆ ಬೆರಳಿಟ್ಟು ಎಡದಿಂದ ಬಲದವರೆಗೆ ಒಂದೊಂದೇ ಚೌಕವನ್ನು ನೋಡಿ, ತಲೆಯಾಡಿಸಿ, ಚೀಲ ಎತ್ತಿಕೊಂಡು ಹೊರಟಳು.